‘ಉಟ್ಟವರನ್ನು ಬೈಯ್ತಾ ಇರಿ, ನಾನು ಕ್ಷೇಮ’: ಸೂರತ್ ಸೀರೆಯ ಜೊತೆ ಒಂದು ಸಂದರ್ಶನ

ಅಹಮದಾಬಾದಿನ ದೆಹಲಿ ದರವಾಜಾದ ಬಳಿ ಹಳೆ ಬಟ್ಟೆಯ ಬಜಾರು. ಮನೆಮನೆಗೆ ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ತರುವ ಹೆಂಗಸರು ಗಂಟು ಬಿಚ್ಚಿ ವ್ಯಾಪಾರಕ್ಕೆ ಕೂತಿದ್ದರು. ಅಂಥದೊಂದು ಗಂಟಿನೊಳಗಿಂದ ಯಾರೋ ಅಚ್ಚ ಕನ್ನಡದಲ್ಲಿ ಕೆಮ್ಮಿದರು. ನೋಡಿದರೆ ಒಂದು ಸೀರೆ. ನೀಲಿ ಒಡಲು, ಕೆಂಪು ಅಂಚು, ಮೈತುಂಬ ಯಾವ ಗಿಡದಲ್ಲೂ ಬಿಡದಂಥ ಹೂವು. ವಯಸ್ಸು ಇಪ್ಪತ್ತು ದಾಟಿದ್ದರೂ ಒಂದು ಎಳೆ ಸವೆದಿಲ್ಲ. ಹುಟ್ಟಿದ್ದು ಸೂರತ್, ಬಾಳಿದ್ದು ದಾವಣಗೆರೆ, ಈಗ ಒಂದು ಸ್ಟೀಲ್ ಡಬ್ಬಿಗೆ ಬದಲಾಗಿ ಇಲ್ಲಿ.

ಹವಾಮಾನ ಹೋರಾಟಗಾರರು ರಸ್ತೆಗೆ ಅಂಟಿಕೊಂಡದ್ದು, ಚಿತ್ರಪಟಕ್ಕೆ ಸೂಪು ಎರಚಿದ್ದು ಎಲ್ಲ ಸುದ್ದಿಯಾಗಿದೆ. ತೈಲದ ಕಡೆಯವರ ಮಾತನ್ನೂ ಕೇಳಬೇಕಲ್ಲವೇ? ರಿಫೈನರಿಯಲ್ಲಿ ಹುಟ್ಟಿ, ಮದುವೆ ಮನೆಗಳಲ್ಲಿ ತಿರುಗಿ, ಬೀದಿಗೆ ಬಂದ ಇವರಿಗಿಂತ ಅನುಭವಸ್ಥರು ಸಿಗಲಾರರು ಎನಿಸಿ ಅಲ್ಲೇ ಕೂತು ಮಾತಿಗೆಳೆದೆವು.

ಪ್ರಶ್ನೆ: ಅಮ್ಮಾ, ಮೊದಲು ತಮ್ಮ ಪರಿಚಯ.

ಸೀರೆ: ಪರಿಚಯ ಏನು ಹೇಳ್ಲಿ ತಮ್ಮಾ? ನಾನು ಕೊಡೋ ಸೀರೆ. ನನ್ನನ್ನ ಯಾರೂ ಉಡೋಕೆ ಅಂತ ಕೊಳ್ಳಲ್ಲ, ಕೊಡೋಕೆ ಅಂತ ಕೊಳ್ತಾರೆ. ದಾವಣಗೆರೆ ಗೃಹಪ್ರವೇಶದಲ್ಲಿ ಒಬ್ಬರ ಕೈಗೆ ಬಂದೆ. ಅವರು ಹರಿಹರದ ಸೀಮಂತಕ್ಕೆ ಸಾಗಿಸಿದ್ರು. ಅಲ್ಲಿಂದ ರಾಣೆಬೆನ್ನೂರು ಮದುವೆ, ಅಲ್ಲಿಂದ ಹಾವೇರಿ ನಾಮಕರಣ. ಪ್ಲಾಸ್ಟಿಕ್ ಕವರು ಬಿಚ್ಚಿದೋರು ಒಬ್ಬರಿಲ್ಲ. ಕೊನೆಗೆ ನನ್ನನ್ನ ಮೊದಲು ಕೊಂಡಿದ್ದ ಯಜಮಾನಿ ಮಡಿಲಿಗೇ ಉಡಿ ತುಂಬೋಕೆ ಬಂದು ಬಿದ್ದೆ! ಆಯಮ್ಮ ಗುರುತು ಹಿಡಿದ್ರು. ಇನ್ನು ಯಾರಿಗೂ ಕೊಡೋ ಹಂಗಿಲ್ಲ ಅಂತ ಫಾಲ್ ಹೊಲಿಸಿ ತಾವೇ ಉಟ್ರು. ಮಗನಿಗೆ ಅಹಮದಾಬಾದಿಗೆ ವರ್ಗ ಆದಾಗ ಅವರ ಜೊತೆ ಬಂದೆ.

ಪ್ರಶ್ನೆ: ವಂಶದ ಬಗ್ಗೆ ಹೇಳಿ.

ಸೀರೆ: ನಮ್ಮ ಮುತ್ತಜ್ಜ ಅಂಕ್ಲೇಶ್ವರದೋನು, ಕಚ್ಚಾ ತೈಲ. 1960ರಲ್ಲಿ ಭೂಮಿ ಒಡೆದು ಮೇಲೆ ಬಂದ. ನೆಹರೂ ಅವರೇ ಆ ಬಾವಿಗೆ ‘ವಸುಧಾರಾ’ ಅಂತ ಹೆಸರಿಟ್ರು. ನಮ್ಮ ಮನೆತನದಲ್ಲಿ ನಾಮಕರಣಕ್ಕೆ ಪ್ರಧಾನಿ ಬಂದಿದ್ರು, ನೆನಪಿರಲಿ. ಅಜ್ಜಿ ತವರು ವಡೋದರ ಪಕ್ಕದ ಕೊಯಲಿ. ರಷ್ಯಾದೋರ ನೆರವಿಂದ ಕಟ್ಟಿದ ರಿಫೈನರಿ 1965ರಲ್ಲಿ ಶುರುವಾಯ್ತು. ಆಗ ವರ್ಷಕ್ಕೆ 20 ಲಕ್ಷ ಟನ್ ಶುದ್ಧೀಕರಿಸ್ತಿತ್ತು, ಆಮೇಲೆ 137 ಲಕ್ಷ ಟನ್ನಿಗೆ ಬೆಳೀತು. ಕಚ್ಚಾ ತೈಲ ಕಾಯಿಸಿದಾಗ ನಾಫ್ತಾ ಬೇರೆಯಾಗುತ್ತೆ. ನಾಫ್ತಾದ ಒಂದು ಸಂತತಿ ಟೆರೆಫ್ತಾಲಿಕ್ ಆಮ್ಲ, ಇನ್ನೊಂದು ಗ್ಲೈಕಾಲ್. ಎರಡಕ್ಕೂ ಕಂಕಣ ಕಟ್ಟಿದ್ರೆ ಹುಟ್ಟೋದೇ ಪಾಲಿಯೆಸ್ಟರ್. ಸೂರತ್ ಪಕ್ಕದ ಹಜೀರಾದಲ್ಲಿ ಈ ಮದುವೆ ಹಗಲು ರಾತ್ರಿ ನಡೀತಾನೇ ಇರುತ್ತೆ. ನನ್ನನ್ನ ಮಗ್ಗಕ್ಕೇರಿಸಿದೋನು ಒಡಿಶಾದ ಗಂಜಾಂ ಜಿಲ್ಲೆಯ ಹುಡುಗ, ಮಾರಿದೋನು ರಿಂಗ್ ರೋಡಿನ ಮಾರವಾಡಿ, ಅಂಗಡಿಗೆ ತರಿಸ್ಕೊಂಡೋರು ದಾವಣಗೆರೆ ಶೆಟ್ರು. ನಿನ್ನ ಕೈಲಿರೋ ನೀರಿನ ಬಾಟ್ಲಿ ಐತಲ್ಲ, ಅದೂ ಪಾಲಿಯೆಸ್ಟರೇ. ನನ್ನ ಚಿಕ್ಕಪ್ಪನ ಮಗ. ಸುಮ್ನೆ ಕೆಳಗಿಡಬೇಡ, ಮಾತಾಡಿಸು.

ಪ್ರಶ್ನೆ: ಅಹಮದಾಬಾದ್ ಎಂದರೆ ಹತ್ತಿ ಗಿರಣಿಗಳ ಊರು, ಗಾಂಧಿಯ ಚರಕದ ಊರು. ಇಲ್ಲಿ ನಿಮ್ಮ ಕಾರುಬಾರು ಹೇಗೆ ಶುರುವಾಯಿತು?

ಸೀರೆ: ಇದೇ ಊರಿನ ನರೋಡಾದಲ್ಲಿ 1966ರಲ್ಲಿ ಧೀರೂಭಾಯಿ ಅಂಬಾನಿ ಗಿರಣಿ ತೆಗೆದ್ರು. ‘ವಿಮಲ್’ ಅನ್ನೋ ಹೆಸರು ನಿಮ್ಮ ಅಪ್ಪಂದಿರ ಸೂಟಿನ ಮೇಲಿತ್ತು. ಸೂರತ್ತಿನ ‘ಗಾರ್ಡನ್’ ಸೀರೆ ನಿಮ್ಮ ಅಮ್ಮಂದಿರ ಟ್ರಂಕಿನಲ್ಲಿತ್ತು. 1980ರ ದಶಕ ಬರೋ ಹೊತ್ತಿಗೆ ಇಲ್ಲಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ವು. ನಾವು ಯಾರನ್ನೂ ದೂಡಲಿಲ್ಲ ತಮ್ಮಾ. ನಮ್ಮನ್ನ ಒಗೆದ್ರೆ ಒಂದು ಗಂಟೇಲಿ ಒಣಗ್ತೀವಿ, ಇಸ್ತ್ರಿ ಬೇಡ, ಬಣ್ಣ ಬಿಡಲ್ಲ, ಬೆಲೆ ಹತ್ತಿಗಿಂತ ಕಮ್ಮಿ. ಹೊಲದಲ್ಲಿ ದುಡಿಯೋ ಹೆಂಗಸಿಗೆ ನಾನು ಶೋಕಿಯಲ್ಲ, ಅನುಕೂಲ. ಈಗ ಇಳಕಲ್ಲಿನ ತೋಪ್ ತೆನಿ ಸೆರಗನ್ನೂ, ಧಾರವಾಡದ ಕಸೂತೀನೂ ನಮ್ಮ ಮೈಮೇಲೆ ಪ್ರಿಂಟ್ ಹಾಕ್ತಾರೆ. ಇಳಕಲ್ಲಿನ ನೇಕಾರ ಬೈದುಕೊಳ್ತಾನೆ. ಅವನ ಮಗಳ ಮದುವೇಲಿ ಕೊಡೋಕೆ ನಾನೇ ಬೇಕು.

ಪ್ರಶ್ನೆ: ಬಟ್ಟೆ ಬಿಟ್ಟರೆ ಉಳಿದ ಕಡೆ?

ಸೀರೆ: ಬಟ್ಟೆ ನಮ್ಮ ಬಳಗದ ಒಂದು ಮನೆ ಅಷ್ಟೆ. ವಡೋದರದೋರು 1972ರಲ್ಲೇ ಅಡುಗೆ ಮನೆಗೆ ಕೊಳವೆಯಲ್ಲಿ ನೈಸರ್ಗಿಕ ಗ್ಯಾಸ್ ಹರಿಸ್ಕೊಂಡ್ರು, ದೇಶದಲ್ಲೇ ಮೊದಲು. ಸಂಕ್ರಾಂತಿಗೆ ಇಲ್ಲಿ ಗಾಳಿಪಟದ ಹಬ್ಬ. ನೈಲಾನ್ ದಾರ ಬೇಡ ಅಂತ ಪೊಲೀಸರು ಪ್ರತಿವರ್ಷ ಆದೇಶ ಹೊರಡಿಸ್ತಾರೆ, ಜನ ಪ್ರತಿವರ್ಷ ಹಾರಿಸ್ತಾರೆ. ನವರಾತ್ರೀಲಿ ಒಂಬತ್ತು ರಾತ್ರಿ ಗರ್ಬಾ ಕುಣಿಯೋ ಘಾಗ್ರಾ, ಅದರ ಮಿಂಚು, ಕೂದಲ ಕ್ಲಿಪ್ಪು, ಅಲ್ಲಿಗೆ ಕರ್ಕೊಂಡು ಹೋಗೋ ಸ್ಕೂಟರು, ಎಲ್ಲಾ ನಮ್ಮೋರೇ. ಹೊಲಕ್ಕೆ ಹಾಕೋ ಯೂರಿಯಾ ಗ್ಯಾಸಿನಿಂದ ಬರುತ್ತೆ. ಆಸ್ಪತ್ರೇಲಿ ಡ್ರಿಪ್ ಹಾಕ್ತಾರಲ್ಲ, ಆ ನಳಿಗೆ ಕೂಡ. ಹುಟ್ಟಿದ ಕೂಸು ಮೊದಲು ಮುಟ್ಟೋದು ನರ್ಸಮ್ಮನ ಕೈಗವಸು. ಅಲ್ಲೂ ನಮ್ಮ ನಂಟರು ಇರ್ತಾರೆ.

ಪ್ರಶ್ನೆ: ಹಾಗಾದರೆ ನಿಮ್ಮ ವಿರುದ್ಧ ಹೋರಾಡುವವರನ್ನು ಕಂಡರೆ ಸಿಟ್ಟು ಬರುವುದಿಲ್ಲವೇ? 2022ರ ಅಕ್ಟೋಬರಿನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ‘ಜಸ್ಟ್ ಸ್ಟಾಪ್ ಆಯಿಲ್’ ಕಾರ್ಯಕರ್ತರಿಬ್ಬರು ವ್ಯಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪು ಎರಚಿದರಲ್ಲ?

ಸೀರೆ: ಸಿಟ್ಟಾ? ಆ ಮಕ್ಕಳಿಗೆ ಆರತಿ ಎತ್ತಬೇಕು ಅನ್ನಿಸ್ತು! ಚಿತ್ರಕ್ಕೆ ಗಾಜಿತ್ತು, ಏನೂ ಆಗ್ಲಿಲ್ಲ. ಆದ್ರೆ ಜಗತ್ತೆಲ್ಲಾ ತಿಂಗಳುಗಟ್ಟಲೆ ಮಾತಾಡಿದ್ದೇನು? ಸೂಪು ಯಾವ ಕಂಪನೀದು, ಚೌಕಟ್ಟು ಎಷ್ಟು ಹಾಳಾಯ್ತು, ಮಕ್ಕಳಿಗೆ ಅಪ್ಪ ಅಮ್ಮ ಬುದ್ಧಿ ಹೇಳಿಲ್ವಾ ಅಂತ. ತೈಲದ ಬಗ್ಗೆ ಯಾರಾದ್ರೂ ಒಂದು ಮಾತಾಡಿದ್ರಾ? 2024ರಲ್ಲಿ ಕೋರ್ಟು ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ 20 ತಿಂಗಳು ಜೈಲು ಹಾಕ್ತು. ಇನ್ನು ರಸ್ತೆಗೆ ಕೈ ಅಂಟಿಸ್ಕೊಳ್ಳೋರು. ಆ ಅಂಟು ಎಲ್ಲಿಂದ ಬಂತು? ಪೆಟ್ರೋಕೆಮಿಕಲ್. ಅದೂ ನಮ್ಮ ಮನೇದೇ. ನಮ್ಮ ಮೇಲೆ ಯುದ್ಧಕ್ಕೆ ಬರೋರು ಮದ್ದುಗುಂಡು ನಮ್ಮ ಅಂಗಡೀಲೇ ಕೊಳ್ತಾರೆ ಅಂದ್ರೆ ಯಾಕಪ್ಪಾ ಸಿಟ್ಟು ಬರುತ್ತೆ?

ಪ್ರಶ್ನೆ: ಆದರೆ ಆ ಸಂಘಟನೆ 2025ರ ಮಾರ್ಚಿನಲ್ಲಿ, ತಮ್ಮ ಬೇಡಿಕೆ ಸರ್ಕಾರದ ನೀತಿಯೇ ಆಗಿದೆ, ಇನ್ನು ಬೀದಿ ಹೋರಾಟ ನಿಲ್ಲಿಸುತ್ತೇವೆ ಎಂದು ಘೋಷಿಸಿತು. ಬ್ರಿಟನ್ನಿನಲ್ಲಿ ಹೊಸ ತೈಲ ಪರವಾನಗಿ ಕೊಡುವುದಿಲ್ಲ ಎಂಬ ನೀತಿ ಬಂತಲ್ಲ?

ಸೀರೆ: (ಸ್ವಲ್ಪ ಸುಕ್ಕಾಗಿ) ಅದನ್ನ ಜೋರಾಗಿ ಹೇಳಬೇಡ. ಸೂಪಿನಿಂದಲೇ ಬಂತಾ, ಓಟಿನಿಂದ ಬಂತಾ ಅನ್ನೋದು ಬೇರೆ ಮಾತು. ಯಾರೋ ಒಬ್ಬರು ಗದ್ದಲ ಮಾಡಿದಾಗ, ಪಕ್ಕದಲ್ಲಿ ಮೆತ್ತಗೆ ಮಾತಾಡೋರು ಸಭ್ಯರಾಗಿ ಕಾಣ್ತಾರೆ. ಆಗ ಅವರ ಮಾತು ನಡೆದುಬಿಡುತ್ತೆ. ನಮ್ಮೋರಿಗೆ ಅದೊಂದು ಭಯ ಐತೆ.

ಪ್ರಶ್ನೆ: ಫೋನು, ಅಂಗಿ, ಅಂಟು ಎಲ್ಲ ತೈಲದ್ದೇ ಬಳಸಿ ತೈಲ ಬೇಡ ಎನ್ನುವುದು ಆಷಾಢಭೂತಿತನ ಅಲ್ಲವೇ?

ಸೀರೆ: ಭೇಷ್! ಈ ಪ್ರಶ್ನೆ ನೀನು ಕೇಳ್ತೀಯ ಅಂತಲೇ ಕಾಯ್ತಿದ್ದೆ. ಇದು ನಮ್ಮ ಮನೆತನದ ಅತಿ ಒಳ್ಳೇ ಉತ್ಪನ್ನ, ಪೆಟ್ರೋಲಿಗಿಂತ ಚೆನ್ನಾಗಿ ಓಡುತ್ತೆ. 2000ರ ದಶಕದಲ್ಲಿ ಬ್ರಿಟಿಷ್ ಪೆಟ್ರೋಲಿಯಂ ಕಂಪನಿ ಜಾಹೀರಾತು ಕೊಟ್ಟು, ‘ನಿಮ್ಮ ಇಂಗಾಲದ ಹೆಜ್ಜೆಗುರುತು ಎಷ್ಟು, ಲೆಕ್ಕ ಹಾಕಿಕೊಳ್ಳಿ’ ಅಂತ ಜನಕ್ಕೆ ಕಲಿಸ್ತು. ತೈಲ ತೆಗೆಯೋನು ಜನದ ಕೈಗೆ ಲೆಕ್ಕದ ಪುಸ್ತಕ ಕೊಟ್ಟ! ಅವತ್ತಿಂದ ಒಬ್ಬರು ಇನ್ನೊಬ್ಬರ ಸೀರೆ ಸೆರಗು ಎತ್ತಿ ಲೇಬಲ್ ಓದೋದೇ ಕೆಲಸ. ಉಟ್ಟವರನ್ನ ಬೈಯ್ತಾ ಇರೋವರೆಗೂ ನೇಯಿಸಿದೋರ ಹತ್ರ ಯಾರೂ ಹೋಗಲ್ಲ.

ಪ್ರಶ್ನೆ: ನಮ್ಮ ಕಡೆಯ ಹೋರಾಟಗಳ ಬಗ್ಗೆ ಅಭಿಪ್ರಾಯ?

ಸೀರೆ: ನಿಮ್ಮ ಹೋರಾಟ ಯಾವತ್ತೂ ತೈಲ ಬೇಡ ಅಂತಲ್ಲ, ಅಗ್ಗ ಆಗ್ಲಿ ಅಂತ. 1973ರ ನವೆಂಬರಿನಲ್ಲಿ ಪೆಟ್ರೋಲ್ ತುಟ್ಟಿಯಾದಾಗ ವಾಜಪೇಯಿ ಎತ್ತಿನಗಾಡೀಲಿ ಸಂಸತ್ತಿಗೆ ಹೋದ್ರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಕಾಂಗ್ರೆಸ್ ನಾಯಕರು ಎತ್ತಿನಗಾಡೀಲಿ ವಿಧಾನಸೌಧಕ್ಕೆ ಹೋದ್ರು. ಮೂರು ವರ್ಷಕ್ಕೆ ಅವರದೇ ಸರ್ಕಾರ ತೆರಿಗೆ ಏರಿಸಿ ಪೆಟ್ರೋಲು ಲೀಟರಿಗೆ 3 ರೂಪಾಯಿ ಜಾಸ್ತಿ ಮಾಡ್ತು, ಆಗ ಬಿಜೆಪಿಯೋರು ಬೀದಿಗೆ ಬಂದ್ರು. ಎತ್ತುಗಳು ಮಾತ್ರ ಯಾವ ಪಕ್ಷ ಬಂದ್ರೂ ಬೇಡ ಅನ್ನಲ್ಲ. ಇನ್ನು ಸಿಟ್ಟು ಜಾಸ್ತಿಯಾದ್ರೆ ಸರ್ಕಲ್ಲಿನಲ್ಲಿ ಟೈರು ಸುಡ್ತೀರಿ. ಟೈರಿನಲ್ಲಿ ಅರ್ಧಕ್ಕರ್ಧ ನಮ್ಮೋರೇ ಇರ್ತಾರೆ. ಪೆಟ್ರೋಲ್ ಬೆಲೆ ವಿರುದ್ಧ ಪೆಟ್ರೋಲಿಯಂ ಸುಡೋ ಜಾಣತನ ಲಂಡನ್ನಿನೋರಿಗೆ ಇನ್ನೂ ಹೊಳೆದಿಲ್ಲ.

ಈ ಊರೂ ಕಮ್ಮಿಯಿಲ್ಲ. 1973ರ ಡಿಸೆಂಬರಿನಲ್ಲಿ ಇಲ್ಲಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಮೆಸ್ ಬಿಲ್ ಜಾಸ್ತಿಯಾಯ್ತು ಅಂತ ಎದ್ರು. ದವಸಧಾನ್ಯ, ಕಡಲೆಕಾಯಿ ಎಣ್ಣೆ ಎಲ್ಲಾ ಬೆಲೆ ಏರಿದ್ದ ಕಾಲ. ಅದು ನವನಿರ್ಮಾಣ ಚಳವಳಿ ಆಯ್ತು. 1974ರ ಫೆಬ್ರವರಿ 9ಕ್ಕೆ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ರು. ಊಟದ ತಟ್ಟೆಗೆ ತಾಗಿದ್ರೆ ಸರ್ಕಾರ ಬೀಳುತ್ತೆ ತಮ್ಮಾ. ಹಿಮಾಲಯದ ಹಿಮ ಕರಗಿದ್ದಕ್ಕೆ ಇನ್ನೂ ಒಬ್ಬ ಮುಖ್ಯಮಂತ್ರೀನೂ ರಾಜೀನಾಮೆ ಕೊಟ್ಟಿಲ್ಲ. ನಿಮ್ಮ ಬೆಂಗಳೂರಿನ ಹವಾಮಾನ ಹೋರಾಟಗಾರ್ತಿ ದಿಶಾ ರವಿ ಅನ್ನೋ ಹುಡುಗಿ ಸೂಪೂ ಎರಚಿರಲಿಲ್ಲ, ರಸ್ತೆಗೂ ಅಂಟಿಕೊಂಡಿರಲಿಲ್ಲ. 2021ರಲ್ಲಿ ರೈತರ ಹೋರಾಟದ ‘ಟೂಲ್‌ಕಿಟ್’ ನೆಪದಲ್ಲಿ ದೆಹಲಿ ಪೊಲೀಸರು ಬಂದು ಕರ್ಕೊಂಡು ಹೋದ್ರು, ಹತ್ತು ದಿನಕ್ಕೆ ಜಾಮೀನು ಸಿಕ್ತು.

ಪ್ರಶ್ನೆ: ಹೋರಾಟದ ತಂತ್ರ ಎಂದರೆ ಈ ಊರಿನವರೇ ಜಗತ್ತಿಗೆ ಕಲಿಸಿದ್ದು. ಗಾಂಧೀಜಿ ಇಂದು ಇದ್ದಿದ್ದರೆ?

ಸೀರೆ: ಇದ್ದಿದ್ರೆ ಅಂತ ಯಾಕೆ? ಇದ್ದಾಗಲೇ ಆಗಿದ್ದು ಹೇಳ್ತೀನಿ. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ 78 ಜನರ ಜೊತೆ ದಂಡಿಗೆ ಹೊರಟ್ರು. ವಡೋದರದ ಆಸುಪಾಸು ದಾಟಿ, ಭರೂಚಿನಲ್ಲಿ ನರ್ಮದೆ ದಾಟಿ, ಅಂಕ್ಲೇಶ್ವರದ ಮೇಲೆ ನಡೆದು ಹೋದ್ರು. ಕಾಲಡಿ ಆಳದಲ್ಲಿ ನಮ್ಮ ಮುತ್ತಜ್ಜ ಮಲಗಿದ್ದ. ಅವರಿಗೂ ಗೊತ್ತಿಲ್ಲ, ಇವನಿಗೂ ಎಚ್ಚರ ಇಲ್ಲ. ಮಾರ್ಚ್ 29ಕ್ಕೆ ಸೂರತ್ ಜಿಲ್ಲೆಯ ಭಾಟಗಾಮ್ ಅನ್ನೋ ಹಳ್ಳಿ. ರಾತ್ರಿ ಬೆಳಕಿಗೆ ಅಂತ ಭಾರದ ಸೀಮೆಎಣ್ಣೆ ಗ್ಯಾಸ್‌ಲೈಟು, ಅದನ್ನ ತಲೆ ಮೇಲೆ ಹೊತ್ತು ಓಡ್ತಿದ್ದೋನು ಒಬ್ಬ ಬಡ ಕೂಲಿ. ಯಾತ್ರೆಯೋರಿಗೆ ಹಾಲು ಬಂದಿದ್ದು ಸೂರತ್ತಿನಿಂದ ಮೋಟಾರು ಲಾರೀಲಿ. ನೋಡು! ನಮ್ಮ ನಂಟರು ಉಪ್ಪಿನ ಸತ್ಯಾಗ್ರಹದಲ್ಲೂ ಇದ್ರು!

ಪ್ರಶ್ನೆ: ಗಾಂಧೀಜಿ ಏನು ಮಾಡಿದರು?

ಸೀರೆ: ತಮ್ಮ ತಂಡವನ್ನೇ ಎಲ್ಲರ ಎದುರಿಗೆ ತರಾಟೆಗೆ ತಗೊಂಡ್ರು. ವೈಸ್‌ರಾಯ್ ಸಂಬಳ ಜಾಸ್ತಿಯಾಯ್ತು ಅಂತ ಪತ್ರ ಬರೆದೋರು ನಾವು, ನಮ್ಮ ಖರ್ಚೇ ಹಿಂಗಾದ್ರೆ ಆ ಪತ್ರಕ್ಕೆ ಏನು ಬೆಲೆ ಅಂತ ಕೇಳಿದ್ರು. ಸರಿ, ನಮ್ಮ ಪ್ರಶ್ನೇನ ಅವರೇ ಕೇಳ್ಕೊಂಡ್ರು. ಆದ್ರೆ ಆಮೇಲೆ ನಾವು ಬಯಸಿದ ಹಂಗೆ ಮಾಡಲಿಲ್ಲ ನೋಡು. ‘ಅಯ್ಯೋ, ನಮಗೆ ಯೋಗ್ಯತೆ ಇಲ್ಲ’ ಅಂತ ಸಾಬರಮತಿಗೆ ವಾಪಸ್ ಹೋಗಬೇಕಿತ್ತು. ಹೋಗಲಿಲ್ಲ. ಮಾರನೇ ಬೆಳಗ್ಗೆ ಮುಂದಕ್ಕೆ ನಡೆದ್ರು. ಏಪ್ರಿಲ್ 5ಕ್ಕೆ ದಂಡಿ, 6ಕ್ಕೆ ಉಪ್ಪು. ತಪ್ಪು ತಿದ್ದಿಕೊಳ್ಳೋದೂ ನಡಿಯೋದೂ ಎರಡೂ ಒಟ್ಟಿಗೆ ಮಾಡೋರು ಎದುರಿಗೆ ಬಂದ್ರೆ ನಮ್ಮ ಪ್ರಶ್ನೆ ಕೆಲಸ ಮಾಡಲ್ಲ.

ಪ್ರಶ್ನೆ: ಆಗಲೂ ಜನ ನಕ್ಕಿದ್ದರಂತೆ. ಉಪ್ಪಿನಿಂದ ಸಾಮ್ರಾಜ್ಯ ಅಲ್ಲಾಡೀತೇ ಎಂದು.

ಸೀರೆ: ನಕ್ರು. ಈ ಉಪ್ಪಿನ ಚಳವಳಿ ನನ್ನ ನಿದ್ದೆ ಕೆಡಿಸಿಲ್ಲ ಅಂತ ವೈಸ್‌ರಾಯ್ ಇರ್ವಿನ್ ಲಂಡನ್ನಿಗೆ ಬರೆದಿದ್ದ. ಆದ್ರೆ ಉಪ್ಪಿಗೆ ಒಂದು ಗುಣ ಇತ್ತು. ನೋಡ್ತಾ ನಿಂತೋನೂ ಬಗ್ಗಿ ಒಂದು ಹಿಡಿ ಎತ್ತಬಹುದಿತ್ತು. ದಂಡಿಯಲ್ಲಿ ಎತ್ತಿದ ವಾರದೊಳಗೆ, ಏಪ್ರಿಲ್ 13ಕ್ಕೆ, ನಿಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರು ಎತ್ತಿದ್ರು, ಅವರ ಹಿಂದೆ ಊರಿಗೆ ಊರೇ ಎತ್ತಿತು. ಸೂಪು ಎರಚಿದಾಗ ನೋಡ್ತಾ ನಿಂತೋನಿಗೆ ಏನು ಕೆಲಸ? ಬೈಯೋದೊಂದೇ. ಆ ಕೆಲಸ ಅವನು ಚೆನ್ನಾಗಿ ಮಾಡ್ತಾನೆ.

ಪ್ರಶ್ನೆ: 1921ರಲ್ಲಿ ವಿದೇಶಿ ಬಟ್ಟೆ ಸುಟ್ಟಂತೆ ನಿಮ್ಮನ್ನು ಸುಟ್ಟರೆ?

ಸೀರೆ: ಸುಡು ನೋಡೋಣ! ಹತ್ತಿ ಸುಟ್ರೆ ಬೂದಿಯಾಗುತ್ತೆ. ನಾನು ಕರಗಿ, ಕರೀ ಹೊಗೆ ಬಿಟ್ಟು, ನಿನ್ನ ಕಾಲಿಗೇ ಅಂಟ್ಕೊಳ್ತೀನಿ. ಅದಿರಲಿ, ಅವತ್ತು ಸುಟ್ಟೋರ ಕೈಲಿ ಚರಕ ಇತ್ತು. ಬಟ್ಟೆ ಬೆಂಕಿಗೆ ಹಾಕಿ ಬೆತ್ತಲೆ ಮನೆಗೆ ಹೋಗಲಿಲ್ಲ, ಖಾದಿ ಉಟ್ಕೊಂಡು ಹೋದ್ರು. ನನ್ನನ್ನ ಸುಟ್ಟು ಏನು ಉಡ್ತೀಯ? ಕೈಮಗ್ಗದ ಸೀರೆ ಬೆಲೆ ಕೇಳಿದೀಯಾ? ಎಲ್ಲಿವರೆಗೆ ಆ ಬೆಲೆ ಹಂಗೇ ಇರುತ್ತೋ, ಅಲ್ಲಿವರೆಗೆ ನಾನೇ ಗಟ್ಟಿ.

ಪ್ರಶ್ನೆ: ಹಾಗಾದರೆ ನಿಮಗೆ ಯಾರ ಭಯವೂ ಇಲ್ಲವೇ?

ಸೀರೆ: ಐತೆ. ಟಿವೀಲಿ ಬರದೇ ಇರೋರ ಭಯ. ವಡೋದರದ ಕಾರ್ಖಾನೆಗಳ ಕೊಳಕು ನೀರು ಒಯ್ಯೋಕೆ ಖಂಭಾತ್ ಕೊಲ್ಲಿವರೆಗೆ ಸುಮಾರು 56 ಕಿಲೋಮೀಟರ್ ಕಾಲುವೆ ಐತೆ. ಪರ್ಯಾವರಣ ಸುರಕ್ಷಾ ಸಮಿತಿ ಅಂತ ಒಂದು ಪುಟ್ಟ ಗುಂಪು, ಬಾವಿ ನೀರು ಕೆಟ್ಟಿದ್ದನ್ನ ಹಿಡ್ಕೊಂಡು ಸುಪ್ರೀಂ ಕೋರ್ಟಿಗೆ ಹೋಯ್ತು. ಸೂಪಿಲ್ಲ, ಅಂಟಿಲ್ಲ, ಬರೀ ಕಾಗದ. ವರ್ಷಗಟ್ಟಲೆ ಎಳೀತು. 2017ರ ಫೆಬ್ರವರಿ 22ಕ್ಕೆ ತೀರ್ಪು ಬಂತು: ನೀರು ಶುದ್ಧ ಮಾಡೋ ಘಟಕ ಕೆಲಸ ಮಾಡದಿದ್ರೆ ಕಾರ್ಖಾನೆ ನಡೆಸೋ ಹಂಗಿಲ್ಲ, ದೇಶಕ್ಕೆಲ್ಲಾ ಅನ್ವಯ. ತೀರ್ಪು ಪಾಲಿಸೋದು ಬೇರೆ ಕಥೆ. ಆದ್ರೂ ಅವತ್ತು ನಮ್ಮೋರ ಬಣ್ಣ ಸ್ವಲ್ಪ ಇಳೀತು.

ಇನ್ನು ಸೂರತ್. 2019ರಲ್ಲಿ ನಮ್ಮ ಗಿರಣಿ ಚಿಮಣಿಗಳಿಗೆ ಮೀಟರು ಹಾಕಿ, ಒಟ್ಟು ಇಷ್ಟೇ ಧೂಳು ಬಿಡಬೇಕು, ಜಾಸ್ತಿ ಬಿಡೋರು ಕಮ್ಮಿ ಬಿಟ್ಟೋರಿಂದ ಪರವಾನಗಿ ಕೊಳ್ಳಬೇಕು ಅಂದ್ರು. ಹೊಗೆಯ ಕಣಕ್ಕೆ ಇಂಥ ಸಂತೆ ಜಗತ್ತಲ್ಲೇ ಮೊದಲು. ಧೂಳು ನೂರಕ್ಕೆ 20ರಿಂದ 30ರಷ್ಟು ಇಳೀತು ಅಂತ ಲೆಕ್ಕ ಹಾಕಿದೋರು ಹೇಳ್ತಾರೆ. ಇದು ಇಂಗಾಲದ ಲೆಕ್ಕ ಅಲ್ಲ, ಅದಕ್ಕೇ ಇನ್ನೂ ಉಸಿರಾಡ್ತಿದೀನಿ. ನಾಳೆ ಅದಕ್ಕೂ ಮೀಟರು ಹಾಕಿದ್ರೆ?

ಪ್ರಶ್ನೆ: ಅಹಮದಾಬಾದಿನ ಬಿಸಿಲಿನಲ್ಲಿ ನಿಮ್ಮನ್ನು ಉಟ್ಟವರ ಗತಿ?

ಸೀರೆ: ನಾನು ಬೆವರು ಹೀರಲ್ಲ, ಒಪ್ಕೊಳ್ತೀನಿ. 2010ರ ಮೇ ತಿಂಗಳಲ್ಲಿ ಇಲ್ಲಿ 46.8 ಡಿಗ್ರಿ ಹೋಯ್ತು. ಬೇರೆ ವರ್ಷಗಳಿಗೆ ಹೋಲಿಸಿದ್ರೆ ಆ ಒಂದೇ ತಿಂಗಳು 1,344 ಜನ ಜಾಸ್ತಿ ಸತ್ರು. ಆಮೇಲೆ 2013ರಲ್ಲಿ ನಗರಪಾಲಿಕೆ ಬಿಸಿಲಿನ ಯೋಜನೆ ಮಾಡ್ತು, ದಕ್ಷಿಣ ಏಷ್ಯಾದಲ್ಲೇ ಮೊದಲು. ಎಚ್ಚರಿಕೆ ಕೊಡೋದು, ನೀರಿಡೋದು, ತಗಡಿನ ಮನೆ ಮಾಡಿಗೆ ಬಿಳೀ ಸುಣ್ಣ ಬಳಿಯೋದು. ಮಾಡಿಗೆ ಸುಣ್ಣ ಬಳಿಯೋ ಹೆಂಗಸರಲ್ಲಿ ನನ್ನನ್ನೇ ಉಟ್ಟೋರೂ ಇದ್ರು. ಅವರನ್ನ ಆಷಾಢಭೂತಿ ಅಂತ ಕರೀತೀಯಾ?

ಪ್ರಶ್ನೆ: 2022ರ ಜನವರಿ 6ರಂದು ಸೂರತ್ತಿನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರಿನಿಂದ ಕದ್ದು ಸುರಿದ ರಾಸಾಯನಿಕದ ವಿಷಗಾಳಿಗೆ ಆರು ಜನ ಬಟ್ಟೆ ಗಿರಣಿ ಕಾರ್ಮಿಕರು ತೀರಿಕೊಂಡರು. 2024ರ ನವೆಂಬರ್ 11ರಂದು ನಿಮ್ಮ ಅಜ್ಜಿಯ ತವರಾದ ಕೊಯಲಿಯಲ್ಲಿ ಬೆಂಜೀನ್ ಟ್ಯಾಂಕಿಗೆ ಬೆಂಕಿ ಬಿದ್ದು ಇಬ್ಬರು ಸತ್ತರು.

ಸೀರೆ: ಅದಕ್ಕೆ ತಮಾಷೆ ಉತ್ತರ ಇಲ್ಲ ತಮ್ಮಾ. ನನ್ನ ಬೆಲೆ ಇಷ್ಟು ಕಮ್ಮಿ ಯಾಕೆ ಅಂತ ಅಂಗಡೀಲಿ ಯಾರೂ ಕೇಳಲ್ಲ. ಕೇಳಿದ್ರೆ ಅದೇ ಉತ್ತರ.

ಪ್ರಶ್ನೆ: ಕೊನೆಯದಾಗಿ, ಹೋರಾಟಗಾರರಿಗೆ ಏನಾದರೂ ಸಲಹೆ?

ಸೀರೆ: ವಿರೋಧಿಗೆ ಸಲಹೆ ಕೊಡೋಷ್ಟು ದಡ್ಡಿ ಅಲ್ಲ ನಾನು. ನನ್ನ ಆಸೆ ಹೇಳ್ತೀನಿ, ಬರ್ಕೋ. ಸೂಪು ಎರಚ್ತಾ ಇರಲಿ. ಟೈರು ಸುಡ್ತಾ ಇರಲಿ. ಬಸ್ಸು ಕೇಳೋ ಬದಲು ಪೆಟ್ರೋಲ್ ಅಗ್ಗ ಮಾಡಿ ಅಂತ ಕೂಗ್ತಾ ಇರಲಿ. ನೇಕಾರನಿಗೆ ಬೆಲೆ ಸಿಗದೇ ಇರಲಿ. ಎಲ್ಲಕ್ಕಿಂತ ಮುಖ್ಯ, ಯಾರೇ ಬಾಯಿ ತೆಗೆದ್ರೂ ‘ನೀನೇನು ಉಟ್ಟಿದೀಯ?’ ಅಂತ ಕೇಳ್ತಾ ಇರಲಿ.

ಸಂದರ್ಶನ ಮುಗಿಯುವಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಅಂಚು ಎಳೆದು ನೋಡಿ ಇವರನ್ನು ಕೊಂಡುಹೋದರು. ಓದುಗರಲ್ಲಿ ನಮ್ಮ ಅರಿಕೆ ಇಷ್ಟೇ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನಿಂದ ಬರುತ್ತಿದೆ, ಮತ್ತು ಅದನ್ನು ಮುಟ್ಟದೆ ಒಂದು ದಿನ ಕಳೆಯಬಲ್ಲ ಮನುಷ್ಯ ನಮ್ಮಲ್ಲಿ ಯಾರೂ ಇಲ್ಲ. ಬಳಸುವವನಿಗೆ ಪ್ರಶ್ನಿಸುವ ಹಕ್ಕಿಲ್ಲ ಎಂದಾದರೆ ಆ ಹಕ್ಕು ಯಾರಿಗೂ ಉಳಿಯುವುದಿಲ್ಲ. ಯಾರಿಗೂ ಉಳಿಯಬಾರದು ಎಂಬುದೇ ಆ ಮಾತು ಹುಟ್ಟಿಸಿದವರ ಉದ್ದೇಶ. ಹೋರಾಟದ ತಂತ್ರ ಇಷ್ಟವಾಗದಿದ್ದರೆ ಧಾರಾಳವಾಗಿ ಬೈಯಿರಿ. ಬೈದ ಮೇಲೆ ನಿಮ್ಮೂರಿನ ಬಸ್ಸು ಎಷ್ಟು ಹೊತ್ತಿಗೊಂದು, ಕಾರ್ಖಾನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಅರ್ಜಿಯನ್ನೂ ಹಾಕಿ.